ಮದುವೆಯಾಗದವರ ಸಂಬಳ

ಈ ಕಥೆಯನ್ನು ಮೊದಲು ಹೇಳಿದವಳು ಮುಯ್‌ಹಾ ದೊಡ್ಡಮ್ಮ. ಹೇಳಿದ್ದು ಎರಡು ಸಾವಿರದ ನಾಲ್ಕನೇ ಇಸವಿಯಲ್ಲಿ, ನಮ್ಮಮ್ಮ ತೀರಿಕೊಂಡ ನೂರನೆಯ ದಿನದ ಮಧ್ಯಾಹ್ನ, ಹಾಂಗ್‌ಕಾಂಗಿನ ಯಾವ್ ಮಾ ತೇಯ್ ಬೀದಿಯ ಅವಳ ಮನೆಯಲ್ಲಿ. ಕೇಳಿದವರು ಇಬ್ಬರೇ. ನಾನು ಮತ್ತು ನನ್ನ ಅಕ್ಕ ಆ-ಚಿಂಗ್.

ಅಮ್ಮನ ಬಟ್ಟೆಗಳ ಅಡಿಯಲ್ಲಿ ದೊಡ್ಡಮ್ಮ ಬರೆದ ಪತ್ರಗಳ ಕಟ್ಟು ಸಿಕ್ಕಿತ್ತು. ಓದದೆ ಹಿಂದಿರುಗಿಸುವುದೇ ಮರ್ಯಾದೆ ಎಂದು ಮಾತಾಡಿಕೊಂಡು ಹೋಗಿದ್ದೆವು. ನಾನು ಒಂದನ್ನು ಓದಿದ್ದೆ. ಅಕ್ಕ ಎರಡನ್ನು.

ದೊಡ್ಡಮ್ಮ ಕಟ್ಟನ್ನು ಕೈಯಲ್ಲಿ ತೂಗಿ ನೋಡಿದಳು. ಒಳಗೆ ಹೋಗಿ ಇನ್ನೊಂದು ಕಟ್ಟು ತಂದಳು. ಅದು ಅಮ್ಮ ಅವಳಿಗೆ ಬರೆದದ್ದು. ಎರಡನ್ನೂ ಬಿಚ್ಚಿ, ತಾರೀಖು ನೋಡಿ ನೋಡಿ, ಇಸ್ಪೀಟೆಲೆ ಹಂಚುವವಳ ಹಾಗೆ ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟಳು.

"ಕೂತ್ಕೊಳ್ರೇ. ಅಷ್ಟೋ ಇಷ್ಟೋ ಓದಿದೀರ ಅಂತ ಮುಖ ನೋಡಿದ್ರೇ ಗೊತ್ತಾಗತ್ತೆ. ಪೂರ್ತಿ ಕೇಳಿ ಆಮೇಲೆ ಬೈಯಿರಿ."

ನಮ್ಮಮ್ಮ ಕ್ವಾನ್‌ಯೀ ಮತ್ತು ದೊಡ್ಡಮ್ಮ ಒಡಹುಟ್ಟಿದವರಲ್ಲ, ಸರ್ಕಾರಿ ನಕ್ಷೆ ಕಚೇರಿಯಲ್ಲಿ ಜೊತೆಗಿದ್ದ ಟ್ರೇಸರುಗಳು. ಅಳತೆಯವರು ಪೆನ್ಸಿಲಿನಲ್ಲಿ ಬರೆದುಕೊಟ್ಟ ನಕ್ಷೆಯ ಮೇಲೆ ಮೇಣದ ಬಟ್ಟೆ ಹಾಸಿ, ಗೆರೆಗೆ ಗೆರೆ ಕೂಡಿಸಿ ಶಾಯಿಯಲ್ಲಿ ತೆಗೆಯುವ ಕೆಲಸ. ಅಮ್ಮನಿಗೆ ಕೆಲಸ ಕಲಿಸಿದವಳು ದೊಡ್ಡಮ್ಮ. ಅದು ಇಂಗ್ಲಿಷರ ಕಾಲ. ಒಂದೇ ಕೆಲಸಕ್ಕೆ ಗಂಡಸಿಗೆ ಒಂದು ಡಾಲರ್ ಎಂದರೆ ಹೆಂಗಸಿಗೆ ಮುಕ್ಕಾಲು. ಅದೂ ಮದುವೆಯಾಗುವ ತನಕ ಮಾತ್ರ ಖಾಯಂ. ಮದುವೆಯಾದ ಮರುದಿನ ರಾಜೀನಾಮೆ ಬರೆದುಕೊಡಬೇಕು. ಬೇಕಿದ್ದರೆ ಹಂಗಾಮಿಯಾಗಿ ತಿಂಗಳಿಂದ ತಿಂಗಳಿಗೆ ಇಟ್ಟುಕೊಳ್ಳುತ್ತಿದ್ದರು. ಸಮಾನ ಸಂಬಳಕ್ಕಾಗಿ ಐದು ವರ್ಷ ಕಚೇರಿಯಿಂದ ಕಚೇರಿಗೆ ಅಲೆದು ಸಹಿ ಕೂಡಿಸಿದವರಲ್ಲಿ ದೊಡ್ಡಮ್ಮ ಮುಂದಿನವಳು. ನಮ್ಮಪ್ಪ ಆ-ಪಾಂಗ್ ಕೂಡ ಅದೇ ಕಚೇರಿಯಲ್ಲಿ ಅಳತೆಯ ಸರಪಳಿ ಹಿಡಿಯುತ್ತಿದ್ದ.

ದೊಡ್ಡಮ್ಮ ಮೊದಲ ಪತ್ರ ಎತ್ತಿಕೊಂಡಳು.

*

೨೪ ಫೆಬ್ರವರಿ ೧೯೬೯

ಪ್ರೀತಿಯ ಕ್ವಾನ್‌ಯೀ,

ಬಂತು ಕಣೇ. ಸುತ್ತೋಲೆ ಬಂತು! ಹೆಂಗಸರಿಗೂ ಗಂಡಸರಷ್ಟೇ ಸಂಬಳ. ಒಂದೇ ಸಲಕ್ಕಲ್ಲ, ವರ್ಷಕ್ಕೊಂದಿಷ್ಟು ಏರಿಸಿ ಕೆಲವು ವರ್ಷಗಳಲ್ಲಿ ಸರಿಸಮ ಮಾಡುತ್ತಾರಂತೆ. ದಾದಿಯರನ್ನು ಬಿಟ್ಟಿದ್ದಾರೆ. ಅವರು ಜಗಳಕ್ಕೆ ನಿಂತಿದ್ದಾರೆ. ನಾವೂ ಅವರ ಹಿಂದೆ ನಿಲ್ಲಬೇಕು.

ಪಕ್ಕದ ಮೇಜಿನ ಫಾಂಗ್ ಸುತ್ತೋಲೆಯನ್ನು ಎರಡು ಸಲ ಓದಿ, "ಹಾಗಾದ್ರೆ ಇನ್ಮೇಲೆ ನಕ್ಷೆ ಹಲಗೆ ಎತ್ತೋಕೆ ನನ್ನ ಕರೀಬೇಡ್ರಮ್ಮ" ಎಂದ. "ಕರೆದಾಗ ಯಾವತ್ತು ಬಂದಿದ್ರಿ ಫಾಂಗಣ್ಣ?" ಎಂದೆ. ಇಡೀ ಮಹಡಿ ನಕ್ಕಿತು. ಅವನು ಸಂಜೆಯವರೆಗೆ ಯಾರಿಗೂ ಶಾಯಿ ಕೊಡಲಿಲ್ಲ.

ಸುತ್ತೋಲೆಯ ಕೊನೆಯಲ್ಲಿ ಒಂದು ಸಾಲಿದೆ: ಮದುವೆಯಾದವರಿಗೆ ಇದು ಅನ್ವಯಿಸುವುದಿಲ್ಲ. ಅದನ್ನು ಮುಂದೆ ನೋಡಿಕೊಳ್ಳೋಣ. ಒಂದೊಂದಾಗಿ ಕೀಳಬೇಕು.

ತಾಯ್ ಓ ಊರಿನ ಶಾಖೆಗೆ ನಿನ್ನನ್ನು ಕಳಿಸಿ ಎಂದು ಸಾಹೇಬರಿಗೆ ಹೇಳಿದವಳು ನಾನೇ. ಬೈಯಬೇಡ. ಅಲ್ಲಿ ನಿನ್ನಂಥ ಸೂಕ್ಷ್ಮ ಕೈ ಬೇಕು. ಆ-ಪಾಂಗ್ ಅಲ್ಲೇ ಇದ್ದಾನಲ್ಲ? ಸಿಗಡಿ ವಾಸನೆಯಲ್ಲಿ ಅವನಿಗೆ ಕೆಮ್ಮು ಬರುತ್ತದೆ. ಕೆಮ್ಮಿದರೆ ನನಗೆ ಬರೆ. ಸುಮ್ಮನೆ ಕೇಳಿದೆ.

ನಿನ್ನ ಅಕ್ಕ,
ಮುಯ್‌ಹಾ

*

೬ ಏಪ್ರಿಲ್ ೧೯೬೯
ತಾಯ್ ಓ

ಅಕ್ಕ,

ಸುದ್ದಿ ಕೇಳಿ ನಾನು ಒಣಮೀನಿನ ಅಂಗಡಿಯ ಮಹಡಿ ಮೇಲೆ ಒಬ್ಬಳೇ ಕುಣಿದೆ. ನಮ್ಮ ಶಾಖೆ ಇರುವುದು ಅಲ್ಲೇ. ಕೆಳಗಿನಿಂದ ಅಂಗಡಿಯವನು ಸೂರಿಗೆ ಕೋಲಿನಿಂದ ಕುಟ್ಟಿದ.

ಇಲ್ಲಿ ಸಮುದ್ರದ ಗಾಳಿಗೆ ಶಾಯಿ ಒಣಗುವುದಿಲ್ಲ. ಒಂದು ಗೆರೆ ಎಳೆದು, ಚಹಾ ಕುಡಿದು ಬಂದು, ಇನ್ನೊಂದು ಗೆರೆ. ಮೊನ್ನೆ ಬೆಕ್ಕೊಂದು ಹೊಸ ನಕ್ಷೆಯ ಮೇಲೆ ನಡೆದು ಕೊಲ್ಲಿಯಲ್ಲಿ ನಾಲ್ಕು ದ್ವೀಪ ಕೂಡಿಸಿತು. ನೀರಿನ ಮೇಲೆ ಕಂಬ ನೆಟ್ಟು ಮನೆ ಕಟ್ಟಿಕೊಂಡಿರುವ ಮೀನಿನ ಹೆಂಗಸರಿಗೆ ನನ್ನನ್ನು ಕಂಡರೆ ನಗು. "ಸರ್ಕಾರದ ಹುಡ್ಗಿ, ನಮ್ಮನೆ ಕೆಳಗೆ ಬರೀ ನೀರು. ನೀರ್ಗೂ ಪಟ್ಟಾ ಕೊಡ್ತೀಯೇನೇ?" ಎನ್ನುತ್ತಾರೆ.

ಆ-ಪಾಂಗ್ ಅಣ್ಣ ಚೆನ್ನಾಗಿದ್ದಾನೆ. ಕೆಮ್ಮು ಇತ್ತು. ಒಣ ಅಂಜೂರ ಹಾಕಿ ಸಾರು ಕಾಯಿಸಿ ಕೊಟ್ಟೆ. ಈಗ ಇಲ್ಲ.

ನಿನ್ನ ತಂಗಿ,
ಕ್ವಾನ್‌ಯೀ

*

"ಸಾರು!" ಎಂದಳು ದೊಡ್ಡಮ್ಮ, ಕನ್ನಡಕ ತೆಗೆದು. "ಆ ಒಂದು ಸಾಲನ್ನ ಹನ್ನೊಂದು ಸಲ ಓದ್ದೆ. ಬೆಕ್ಕಿನ ವಿಷಯ ಅಷ್ಟುದ್ದ, ಅವನ ವಿಷಯ ಇಷ್ಟೇ. ಆಗ್ಲೇ ತಿಳೀತು."

ಅಪ್ಪ ಮೊದಲು ಮದುವೆಯಾಗು ಎಂದು ಕೇಳಿದ್ದು ದೊಡ್ಡಮ್ಮನನ್ನು. ಅರವತ್ತೇಳರಲ್ಲಿ. ನಮಗೆ ಆವತ್ತಿನವರೆಗೂ ಗೊತ್ತಿರಲಿಲ್ಲ. ಮದುವೆಯಾದರೆ ಖಾಯಂ ಹೋಗುತ್ತಿತ್ತು, ಸಹಿ ಕೂಡಿಸುವ ಹಕ್ಕೂ ಹೋಗುತ್ತಿತ್ತು. ಆದ್ದರಿಂದ ಅವಳು ಅಪ್ಪನಿಗೆ, ನಿಯಮ ಬದಲಾಗುವ ತನಕ ಕಾಯಿ ಎಂದಿದ್ದಳು.

"ಬೇಡ ಅನ್ಲಿಲ್ಲ ಕಣ್ರೇ. ಕಾಯಿ ಅಂದೆ. ಅವ್ನು ಎರಡು ವರ್ಷ ಕಾದ. ತಾಯ್ ಓಗೆ ಹಾಕಿದ್ರು. ಅಲ್ಲಿ ಅವನ ಮೇಲೊಂದು ಕಣ್ಣಿರ್ಲಿ ಅಂತ ನಂಬಿಕೆಯವಳನ್ನೇ ಕಳಿಸ್ದೆ. ನಿಮ್ಮಮ್ಮನ್ನ."

ಅಕ್ಕ ನಗುವುದೋ ಬೇಡವೋ ತಿಳಿಯದೆ ನನ್ನ ಕಡೆ ನೋಡಿದಳು.

*

೨ ಜುಲೈ ೧೯೬೯

ಕ್ವಾನ್‌ಯೀ,

ನಿನ್ನೆ ನಿನ್ನ ತಾಯಿ ಬಂದಿದ್ದರು. ಕೈಯಲ್ಲಿ ಕೆಂಪು ಕಾಗದ ಸುತ್ತಿದ ಪೆಟ್ಟಿಗೆ. ಬಾಗಿಲು ಮುಚ್ಚಿ, ಕಿಟಕಿಯನ್ನೂ ಮುಚ್ಚಿ, ಪಿಸುಗುಟ್ಟಿದರು:

"ಯಾರಿಗೂ ಹೇಳ್ಬೇಡ ಅಂದಿದ್ದಾಳೆ. ಆದ್ರೆ ಹೆತ್ತವಳು ಮದುವೆ ಕೇಕು ಹಂಚದೆ ಇದ್ರೆ ನನ್ನ ಮಗಳೇನು ಓಡಿಹೋದೋಳೇ? ಅದಕ್ಕೆ ನಿನಗೊಬ್ಬಳಿಗೇ ತಂದೆ. ನೀನೇನು ಹೊರಗಿನೋಳೇ?"

"ನೋಂದಣಿ ಆಯ್ತಾ ಅಮ್ಮಾ?" ಎಂದೆ.

"ಏನಕ್ಕೆ ನೋಂದಣಿ? ಅತ್ತೆ ಮಾವನ ಮುಂದೆ ಮಂಡಿಯೂರಿ ಚಹಾ ಕೊಟ್ಳು. ಅವರು ಕುಡಿದ್ರು. ಮುಗೀತು. ನಾನೂ ಹಾಗೇ ಆಗಿದ್ದು, ನಮ್ಮಮ್ಮನೂ ಹಾಗೇ ಆಗಿದ್ದು. ಕಚೇರಿಯೋರ್ಗೆ ಹೇಳೋಕೆ ಕಚೇರಿಯೋರು ಕುಡಿದ್ರಾ ಚಹಾನ?"

ಗಂಡಿನ ಹೆಸರು ಕೇಳಿದೆ. ಹೇಳಿದರು.

ಕೇಕು ಚೆನ್ನಾಗಿತ್ತು. ತಾವರೆ ಬೀಜದ ಹೂರಣ, ನಡುವೆ ಮೊಟ್ಟೆಯ ಹಳದಿ. ನಾಲ್ಕು ತಿಂದೆ. ಆಮೇಲೆ ಹೊಟ್ಟೆನೋವು ಬಂತು. ಕೇಕಿನದ್ದೇ ಇರಬೇಕು.

ಒಂದು ವಿಷಯ ಮೆಚ್ಚಿದೆ. ಕಚೇರಿಗೆ ನೀನು ಕುಮಾರಿ, ಮನೆಗೆ ಶ್ರೀಮತಿ. ಸಂಬಳ ಕುಮಾರಿಯದು, ಸಂಸಾರ ಶ್ರೀಮತಿಯದು. ನಾನು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು ಎಂದುಕೊಂಡು ಎರಡು ವರ್ಷ ನಿದ್ದೆಗೆಟ್ಟೆ. ಎರಡನ್ನೂ ಬಾಚಿಕೊಳ್ಳಬಹುದು ಎಂದು ನನಗೇಕೆ ಹೊಳೆಯಲಿಲ್ಲ? ಕಲಿಸಿದವಳು ನಾನು, ಜಾಣೆ ನೀನು.

ಮದುಮಗನಿಗೆ ನನ್ನ ಶುಭಾಶಯ ಹೇಳು. ಅಂಜೂರದ ಸಾರು ಮಾಡುತ್ತಿರು.

ಮುಯ್‌ಹಾ

*

೨೦ ಜುಲೈ ೧೯೬೯
ತಾಯ್ ಓ

ಅಕ್ಕ,

ಕ್ಷಮಿಸು ಎಂದು ಬರೆದು ಹೊಡೆದುಹಾಕಿದೆ. ಮತ್ತೆ ಬರೆದೆ. ಮತ್ತೆ ಹೊಡೆದುಹಾಕಿದೆ. ನಾನು ಕದ್ದಿಲ್ಲ. ಅಷ್ಟನ್ನು ನಂಬು.

ಅವನನ್ನು ನಾನೇ ಕೇಳಿದೆ, "ಮುಯ್‌ಹಾ ಅಕ್ಕ ನಿನಗೆ ಕಾಯ್ತಿದ್ದಾಳಲ್ಲ?" ಎಂದು. "ಅವಳು ಕಾಯ್ತಿರೋದು ನನಗಲ್ಲ, ಸುತ್ತೋಲೆಗೆ" ಎಂದ. ಒಂದು ಸುತ್ತೋಲೆಯಾದ ಮೇಲೆ ಇನ್ನೊಂದು, ಅದಾದ ಮೇಲೆ ಮತ್ತೊಂದು, ಅಷ್ಟರಲ್ಲಿ ನನ್ನ ಹಲ್ಲು ಬಿದ್ದಿರುತ್ತೆ ಎಂದ. ನೀನು ಎದುರಿಗಿದ್ದರೆ ಏನು ಹೇಳುತ್ತಿದ್ದೆಯೋ.

ನಿನಗೆ ನನ್ನ ಮೇಲೆ ಹೊಟ್ಟೆ ಉರಿಯುತ್ತಿದೆ ಎಂದು ಗೊತ್ತು. ನನ್ನದನ್ನೂ ಕೇಳು. ನಾನು ಎಳೆದ ಗೆರೆಯನ್ನು ನೋಡಿದಾಗಲೆಲ್ಲ ಅವನು, "ಮುಯ್‌ಹಾ ಗೆರೆ ಇನ್ನೂ ಸಣ್ಣಕ್ಕೆ ಬರೋದು" ಎನ್ನುತ್ತಾನೆ. ಮೊನ್ನೆ ಹಾಗೆ ಅಂದಾಗ ಊಟ ಬಡಿಸಲಿಲ್ಲ. ಒಣಮೀನು ತಿಂದು ಮಲಗಿದ.

ಒಂದೇ ಒಂದು ಬೇಡಿಕೊಳ್ಳುತ್ತೇನೆ. ಕಚೇರಿಯಲ್ಲಿ ಬಾಯಿ ಬಿಡಬೇಡ. ನನ್ನ ಸಂಬಳದಲ್ಲೇ ಅಮ್ಮ, ಮೂವರು ತಮ್ಮಂದಿರು ಉಣ್ಣುವುದು ನಿನಗೆ ಗೊತ್ತು. ಹಂಗಾಮಿ ಮಾಡಿದರೆ ಯಾವ ತಿಂಗಳು ಬೇಕಾದರೂ ಹೋಗು ಎನ್ನಬಹುದು. ಈ ಊರಿನಲ್ಲಿ ಮಾಡಲು ಬೇರೆ ಕೆಲಸವಿಲ್ಲ, ಮೀನು ಸೀಳುವುದೊಂದನ್ನು ಬಿಟ್ಟರೆ.

ನಿನ್ನ ಕ್ವಾನ್‌ಯೀ

*

೩ ಅಕ್ಟೋಬರ್ ೧೯೬೯

ಕ್ವಾನ್‌ಯೀ,

ಏರಿಸಿದ ಮೊದಲ ಸಂಬಳ ಬಂತು. ನಾವು ಹನ್ನೆರಡು ಹೆಂಗಸರು ಸೇರಿ ಬಾತುಕೋಳಿ ಊಟ ಮಾಡಿದೆವು. ದಾದಿಯರ ಕಡೆಯಿಂದಲೂ ಇಬ್ಬರು ಬಂದಿದ್ದರು. ಅವರಿಗೆ ಇನ್ನೂ ಬಂದಿಲ್ಲ, ಆದರೂ ನಮಗಿಂತ ಹೆಚ್ಚು ತಿಂದರು. ಎಲ್ಲರೂ ಸೇರಿ ನನ್ನ ತಟ್ಟೆಗೆ ತೊಡೆಯ ತುಂಡು ಹಾಕಿದರು.

ನಿನಗೂ ಬಂದಿರಬೇಕಲ್ಲ? ಬರದೆ ಏನು. ಕಾಗದದಲ್ಲಿ ನೀನು ಕುಮಾರಿಯೇ.

ಒಂದು ದಿನ ನೆನಪಾಯಿತು. ಮಳೆ ಸುರಿಯುತ್ತಿತ್ತು. ಗುಡ್ಡದ ಮೇಲಿನ ಆಸ್ಪತ್ರೆಗೆ ಸಹಿಗೆ ಹೋಗಿದ್ದೆವು. "ಕಾಲು ನೋಯ್ತಿದೆ ಅಕ್ಕ, ನೀನು ಹೋಗಿ ಬಾ" ಎಂದು ನೀನು ಮೆಟ್ಟಿಲ ಬುಡದಲ್ಲಿ ಕೂತೆ. ನಾನು ಇನ್ನೂರು ಮೆಟ್ಟಿಲು ಹತ್ತಿ ಏಳು ಸಹಿ ತಂದೆ.

ಕಾಲು ಈಗ ಹೇಗಿದೆ?

ಮುಯ್‌ಹಾ

*

೧೪ ಡಿಸೆಂಬರ್ ೧೯೬೯
ತಾಯ್ ಓ

ಅಕ್ಕ,

ನಿನ್ನ ಪತ್ರ ಓದಿ ಅತ್ತೆ. ಆಮೇಲೆ ಕೋಪ ಬಂತು. ಕೋಪ ಇಳಿಯಲಿ ಎಂದು ಎರಡು ತಿಂಗಳು ಬರೆಯಲಿಲ್ಲ. ಈಗ ಬರೆಯದೆ ಇರಲಾರೆ, ಏಕೆಂದರೆ ಇದನ್ನು ಹೇಳಿಕೊಳ್ಳಲು ನೀನಲ್ಲದೆ ನನಗೆ ಯಾರೂ ಇಲ್ಲ.

ನನ್ನ ಅಂಗಿಗಳೆಲ್ಲ ಬಿಗಿಯಾಗುತ್ತಿವೆ. ಸಡಿಲ ಹತ್ತಿಯ ಕೋಟು ಹೊಲಿಸಿದ್ದೇನೆ. ಯಾರಾದರೂ ಕೇಳಿದರೆ ಚಳಿ ಎನ್ನುತ್ತೇನೆ. ಅಂಗಡಿಯವನ ಹೆಂಡತಿ, "ನಿನ್ಗೆ ಮಾತ್ರ ಈ ವರ್ಷ ಎರಡು ಜನಕ್ಕಾಗುವಷ್ಟು ಚಳಿ" ಎಂದು ಕಣ್ಣು ಹೊಡೆದಳು. ಬೇಸಿಗೆಯಲ್ಲಿ ಎರಡು ತಿಂಗಳು ಕಾಯಿಲೆ ರಜೆ ಹಾಕುತ್ತೇನೆ. ಅಮ್ಮ ನೋಡಿಕೊಳ್ಳುತ್ತಾರೆ. ಹೇಗೋ ನಡೆಯುತ್ತದೆ.

ಅವನು ತೊಟ್ಟಿಲು ಮಾಡುತ್ತಿದ್ದಾನೆ. ಅಳತೆಯ ಕೋಲಿನಿಂದ ಅಳೆದು ಅಳೆದು ಮಾಡುತ್ತಾನೆ, ಆದರೂ ಒಂದು ಕಾಲು ಗಿಡ್ಡ. ಸಾಯಂಕಾಲ ನಾನು ಗೆರೆ ಎಳೆಯುತ್ತೇನೆ, ಅವನು ಕಟ್ಟಿಗೆ ಕೆರೆಯುತ್ತಾನೆ, ಕೆಳಗೆ ನೀರು ಬಂದು ಹೋಗುತ್ತದೆ. ಇಷ್ಟು ಸುಖ ಒಬ್ಬರಿಗೇ ಸಲ್ಲುತ್ತದೆಯೇ ಎಂದು ಒಮ್ಮೊಮ್ಮೆ ಭಯವಾಗುತ್ತದೆ.

ಹೊಸ ವರ್ಷಕ್ಕೆ ಬಾ. ಅವನೂ ಕೇಳಿದ.

ನಿನ್ನ ಕ್ವಾನ್‌ಯೀ

*

ದೊಡ್ಡಮ್ಮ ಇದನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಮುಚ್ಚಿದಳು.

"ಇದಾದ ಮೇಲೆ ನಾನೊಂದು ಬರೆದೆ. ಅದು ಈ ಕಟ್ಟಿನಲ್ಲಿಲ್ಲ. ಅದಕ್ಕೆ ಸಹಿ ಇಲ್ಲ, ತಾರೀಖಿಲ್ಲ. ಅವಳಿಗೆ ಬರೆದದ್ದಲ್ಲ, ಸಾಹೇಬರಿಗೆ ಬರೆದದ್ದು. ತಾಯ್ ಓ ಶಾಖೆಯ ಟ್ರೇಸರ್ ಕ್ವಾನ್‌ಯೀಗೆ ಮದುವೆಯಾಗಿದೆ, ವಿಚಾರಿಸಿ. ಅಷ್ಟೇ."

ನನ್ನ ಅಕ್ಕ ಬಟ್ಟಲು ಕೆಳಗಿಟ್ಟಳು.

"ನೀವಾ?"

"ಹೂಂ. ನಾನೇ."

"ಯಾರೋ ಹೊಟ್ಟೆಕಿಚ್ಚಿನೋರು ಬರೆದ್ರು ಅಂತಿದ್ರು ಅಮ್ಮ. ಸಾಯೋವರೆಗೂ ಹಾಗೇ ಅಂತಿದ್ರು."

"ಸರಿಯಾಗೇ ಹೇಳಿದಾಳೆ. ಹೊಟ್ಟೆಕಿಚ್ಚೇ. ಕಚೇರಿಗೆ ಮೋಸ ಆಗ್ತಿದೆ ಅಂತ ನನಗೆ ನಾನೇ ಹೇಳ್ಕೊಂಡೆ. ಒಬ್ಬಳ ಸುಳ್ಳಿನಿಂದ ಎಲ್ಲ ಹೆಂಗಸರ ಹೆಸರು ಕೆಡತ್ತೆ ಅಂತ ಹೇಳ್ಕೊಂಡೆ. ಏನಿಲ್ಲ. ಆ ತೊಟ್ಟಿಲು. ಅದರ ಗಿಡ್ಡ ಕಾಲು ನನ್ನ ಕಣ್ಣಿಂದ ಹೋಗ್ಲೇ ಇಲ್ಲ."

ಆ ತೊಟ್ಟಿಲಲ್ಲಿ ಮಲಗಿದ್ದವಳು ನನ್ನ ಅಕ್ಕ. ಅವಳು ಏಳಲಿದ್ದಳು. ನಾನು ಅವಳ ತೋಳು ಹಿಡಿದು ಕೂರಿಸಿದೆ. ಮುಂದಿನ ಪತ್ರ ಅಮ್ಮನದು. ಅದನ್ನು ನೀನು ಓದು ಎಂದು ದೊಡ್ಡಮ್ಮ ನನ್ನ ಕೈಗೆ ಕೊಟ್ಟಳು. ಅದನ್ನು ಅವಳು ತಾನೇ ಓದಲಿಲ್ಲ.

*

೩೦ ಜನವರಿ ೧೯೭೦
ತಾಯ್ ಓ

ಅಕ್ಕ,

ನನ್ನನ್ನು ಮೊನ್ನೆ ಪೇಟೆಯ ಕಚೇರಿಗೆ ಕರೆಸಿದ್ದರು. ಸಾಹೇಬರು ಕೂರಲು ಹೇಳಿದರು. ಅವರು ಕೂರಲು ಹೇಳಿದ್ದು ಇದೇ ಮೊದಲು.

"ನಿಮಗೆ ಮದುವೆ ಆಗಿದೆಯಂತೆ. ನಿಜವೇನಮ್ಮ?"

ಇಲ್ಲ ಎಂದುಬಿಡಬಹುದಿತ್ತು. ನೋಂದಣಿ ಇಲ್ಲ, ಸಾಕ್ಷಿ ಇಲ್ಲ. ಕೋಟು ಸಡಿಲವಾಗಿತ್ತು. ಬಾಯಿಯ ತನಕ ಬಂದಿತ್ತು. ಆದರೆ ಮಂಡಿಯೂರಿ ಚಹಾ ಕೊಟ್ಟವಳು ಇಲ್ಲ ಎಂದರೆ, ಹೊಟ್ಟೆಯೊಳಗಿರುವುದಕ್ಕೆ ಏನೆಂದು ಹೆಸರಿಡಲಿ? "ಆಗಿದೆ ಸಾರ್" ಎಂದೆ.

ಅವರಿಗೂ ಬೇಜಾರಾಯಿತು. "ಹೇಳದೆ ಇದ್ದಿದ್ರೆ ಚೆನ್ನಾಗಿತ್ತು" ಎಂದರು. ನನಗೆ ಅಂದರೋ, ಕಾಗದ ಬರೆದವರಿಗೆ ಅಂದರೋ ತಿಳಿಯಲಿಲ್ಲ. ರಾಜೀನಾಮೆ ಬರೆಸಿಕೊಂಡರು. ನಾಳೆಯಿಂದ ಹಂಗಾಮಿ. ಏರಿಸಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಆರು ವರ್ಷದ ಕೆಲಸ ಲೆಕ್ಕದಲ್ಲಿಲ್ಲ.

ಬಂದ ಕಾಗದ ತೋರಿಸಿ, "ಯಾರು ಬರೆದದ್ದು ಅಂತ ಗೊತ್ತಾಗತ್ತಾ?" ಎಂದು ಕೇಳಿದರು. ಕಿಟಕಿಯ ಬೆಳಕಿಗೆ ಹಿಡಿದೆ. ಎಡಗೈಯಲ್ಲಿ ಬರೆದ ಹಾಗೆ ಅಕ್ಷರ ಸೊಟ್ಟ. ಆದರೆ ಸಾಲು ದಾರ ಕಟ್ಟಿದ ಹಾಗೆ ನೇರ. ಪೆನ್ಸಿಲಿನಲ್ಲಿ ಗೆರೆ ಎಳೆದು, ಬರೆದು, ಆಮೇಲೆ ಅಳಿಸಿದ್ದರು. ಅಳಿಸಿದ ಜಾಗ ಹೊಳೆಯುತ್ತಿತ್ತು, ಉಗುರಿನಿಂದ ಉಜ್ಜಿದ ಹಾಗೆ.

"ಗೊತ್ತಿಲ್ಲ ಸಾರ್" ಎಂದೆ.

ನೀನು ಮೂರನೇ ಮಹಡಿಯಲ್ಲಿದ್ದೆ, ನಾನು ಎರಡನೆಯದರಲ್ಲಿ. ಮೇಲೆ ಬರಲಿಲ್ಲ. ದೋಣಿಗೆ ಹೊತ್ತಾಗಿತ್ತು.

ಕ್ವಾನ್‌ಯೀ

*

ಓದಿ ಮುಗಿಸಿದಾಗ ದೊಡ್ಡಮ್ಮ ತನ್ನ ಹೆಬ್ಬೆರಳನ್ನು ನೋಡುತ್ತಿದ್ದಳು.

"ಅಳಿಸಿದ ಜಾಗ ಒರಟಾಗಿರತ್ತೆ. ಅದರ ಮೇಲೆ ಶಾಯಿ ಹಾಕಿದ್ರೆ ಹರಡತ್ತೆ. ಅದಕ್ಕೆ ಉಗುರಲ್ಲಿ ಉಜ್ಜಿ ನಯ ಮಾಡ್ಬೇಕು. ಇಡೀ ಕಚೇರೀಲಿ ಹಾಗೆ ಮಾಡ್ತಿದ್ದೋರು ಇಬ್ರೇ. ನಾನು, ನಾನು ಕಲಿಸಿದವಳು. ಉಳಿದೋರು ಚಮಚದಲ್ಲಿ ಉಜ್ಜೋರು. ಕೈ ಬದಲಾಯಿಸ್ದೆ, ಅಕ್ಷರ ಬದಲಾಯಿಸ್ದೆ. ಹಾಳು ಅಭ್ಯಾಸ, ಗೆರೆ ಇಲ್ದೆ ಬರೆಯೋಕೆ ಮನಸ್ಸೇ ಬರ್ಲಿಲ್ಲ. ಅಂಥ ಕಾಗದಾನೂ ನೀಟಾಗಿ ಬರೀಬೇಕಾಗಿತ್ತು ನನಗೆ."

"ದೋಣಿ ಎಷ್ಟು ಹೊತ್ತಿಗಿತ್ತು?" ಎಂದೆ.

"ಇನ್ನೂ ಎರಡು ಗಂಟೆ ಇತ್ತು."

ಮುಂದಿನ ಪತ್ರ ದೊಡ್ಡಮ್ಮ ಬರೆದದ್ದು, ಆದರೆ ಅದು ಅಮ್ಮನ ಕಟ್ಟಿನದಲ್ಲ. ಮೂವತ್ತನಾಲ್ಕು ವರ್ಷ ದೊಡ್ಡಮ್ಮನ ಹತ್ತಿರವೇ ಇದ್ದದ್ದು. ಅಂಚೆಗೆ ಹಾಕಿರಲಿಲ್ಲ. ಒಂದು ಸಲ ಓದಿ ಹೇಳಿದಳು. ಅದರ ಮಾತುಗಳು ಇಲ್ಲಿ ನನ್ನ ನೆನಪಿನವು.

*

೬ ಫೆಬ್ರವರಿ ೧೯೭೦, ಚೀನೀ ಹೊಸ ವರ್ಷದ ದಿನ

ಕ್ವಾನ್‌ಯೀ,

ಬರೆದವಳು ನಾನು. ನಿನಗೆ ಗೊತ್ತು ಎಂದು ನನಗೆ ಗೊತ್ತು.

ಕಾರಣ ಕೊಡುವುದಿಲ್ಲ. ಅವನು ನಿನಗೆ ಸಿಕ್ಕ. ಅದನ್ನು ನುಂಗಿಕೊಳ್ಳುತ್ತಿದ್ದೆ. ಸಂಬಳ ನಿನಗೂ ಬಂತು. ಅದನ್ನೂ ನುಂಗುತ್ತಿದ್ದೆ. ಎರಡೂ ಒಬ್ಬಳಿಗೇ ಎಂದಾಗ ಗಂಟಲಲ್ಲಿ ಸಿಕ್ಕಿಕೊಂಡಿತು. ನಾನು ಒಂದನ್ನು ಹಿಡಿಯಲು ಇನ್ನೊಂದನ್ನು ಬಿಟ್ಟೆ; ಹಾಗೆ ಬಿಡಬೇಕಾಗಿಯೇ ಇರಲಿಲ್ಲ ಎಂದು ನೀನು ನನ್ನ ಕಣ್ಣ ಮುಂದೆ ಬದುಕಿ ತೋರಿಸುತ್ತಿದ್ದೆ.

ನಿನ್ನನ್ನು ಕೆಳಗಿಳಿಸಿದರೆ ಹೊಟ್ಟೆ ತಣ್ಣಗಾಗುತ್ತದೆ ಎಂದುಕೊಂಡಿದ್ದೆ. ನಿನ್ನ ಪತ್ರ ಬಂದು ಮೂರು ದಿನ ಆಯಿತು. ಈಗ ನಿನ್ನ ಮೇಲೆ ಹೊಟ್ಟೆಕಿಚ್ಚು ಪಡಲೂ ಆಗುತ್ತಿಲ್ಲ. ನಾನು ಪೂರ್ತಿ ಸಂಬಳದವಳು, ನೀನು ಹಂಗಾಮಿ. ಮೇಲೆ ಕೂತವಳು ಕೆಳಗೆ ಕೂತವಳನ್ನು ಕಂಡು ಕರುಬಿದರೆ ಅದಕ್ಕಿಂತ ನಾಚಿಕೆಗೇಡು ಯಾವುದು? ನಿನ್ನ ಸಮಕ್ಕೆ ನಿಂತು ನಿನ್ನ ಮೇಲೆ ಉರಿಯಬೇಕು ನಾನು. ಅದಕ್ಕಾದರೂ ಈ ಮದುವೆಯ ನಿಯಮ ಹೋಗಬೇಕು.

ಇದನ್ನು ಓದಿ ನೀನು ಏನು ಬರೆಯುತ್ತೀಯೋ ಎಂದು ಹೆದರಿಕೆಯಾಗುತ್ತಿದೆ.

ಮುಯ್‌ಹಾ

*

೧೨ ಫೆಬ್ರವರಿ ೧೯೭೦

ಕ್ವಾನ್‌ಯೀ,

ನಿನ್ನ ಪತ್ರ ತಲುಪಿತು. ತುಂಬಾ ಬೇಸರವಾಯಿತು.

ಇದರ ಜೊತೆಗೊಂದು ಅರ್ಜಿ ಇದೆ. ಮದುವೆಯಾದ ಹೆಂಗಸರನ್ನೂ ಖಾಯಂ ಆಗಿ ಇಟ್ಟುಕೊಳ್ಳಬೇಕು, ಅದೇ ಸಂಬಳ ಕೊಡಬೇಕು ಎಂದು. ಓದಿ, ಸರಿ ಕಂಡರೆ ಸಹಿ ಹಾಕಿ ಕಳಿಸು. ಎಲ್ಲ ಶಾಖೆಗಳಿಗೂ ಕಳಿಸುತ್ತಿದ್ದೇನೆ. "ನಿನಗೇನಮ್ಮ ಇದ್ರಿಂದ? ನಿನಗೆ ಗಂಡನೂ ಇಲ್ಲ ಗಿಂಡನೂ ಇಲ್ಲ" ಎಂದ ಫಾಂಗ್. ನಿಮ್ಮ ಕೆಲಸ ನೀವು ನೋಡಿ ಎಂದೆ.

ಆರೋಗ್ಯ ನೋಡಿಕೋ. ಮೆಟ್ಟಿಲು ಹತ್ತಬೇಡ.

ಮುಯ್‌ಹಾ

*

೧೮ ಜೂನ್ ೧೯೭೦
ತಾಯ್ ಓ

ಅಕ್ಕ,

ಹೆಣ್ಣು. ಕಳೆದ ವಾರಕ್ಕೆ ಒಂದು ತಿಂಗಳು ತುಂಬಿತು. ಪದ್ಧತಿಯಂತೆ ಕೆಂಪು ಮೊಟ್ಟೆ, ಶುಂಠಿ ಕಳಿಸಿದ್ದೇನೆ. ಮೊಟ್ಟೆ ಒಡೆದಿದ್ದರೆ ದೋಣಿಯವನನ್ನು ಬೈ. ಈ ಸಲ ಕದ್ದುಮುಚ್ಚಿ ಹಂಚಬೇಕಾಗಿಲ್ಲ ಎಂದು ಅಮ್ಮನಿಗೆ ಅಷ್ಟು ಖುಷಿ. ಮೀನಿನ ಹೆಂಗಸರಿಗೆಲ್ಲ ಕೊಟ್ಟು ಬಂದರು.

ಅರ್ಜಿಗೆ ಸಹಿ ಹಾಕಿದ್ದೇನೆ. ಕಾಗದದಲ್ಲಿ ಶ್ರೀಮತಿ ಎಂದು ಬರೆದುಕೊಂಡದ್ದು ಇದೇ ಮೊದಲು. ಮೊದಲ ಸಹಿ ನಿನ್ನದೇ ಇತ್ತು. ಮದುವೆಯಾದವರ ಅರ್ಜಿಯಲ್ಲಿ ಮದುವೆಯಾಗದವಳು ಮುಂದೆ ಎಂದು ಅವನು ನಕ್ಕ. ನಾನು ನಗಲಿಲ್ಲ. ಸಹಿಯನ್ನು ಬಹಳ ಹೊತ್ತು ನೋಡಿದೆ.

ಇನ್ನೂ ಹಂಗಾಮಿಯಾಗಿಯೇ ಇದ್ದೇನೆ. ಈ ತಿಂಗಳು ಇಟ್ಟುಕೊಂಡಿದ್ದಾರೆ. ಮುಂದಿನ ತಿಂಗಳದ್ದು ಮುಂದಿನ ತಿಂಗಳು.

ಮಗುವಿಗೆ ನಿನ್ನನ್ನು ದೊಡ್ಡಮ್ಮ ಎಂದು ಕರೆಯಲು ಕಲಿಸುತ್ತೇನೆ. ಹೊಸ ವರ್ಷ, ದೋಣಿ ಹಬ್ಬ, ಚಂದ್ರನ ಹಬ್ಬ, ಒಂದನ್ನೂ ಬಿಡದೆ ಬರಬೇಕು. ನಮ್ಮ ಜೊತೆ ಕೂತು ಉಣ್ಣಬೇಕು. ಅವಳು ಬೆಳೆಯುವುದನ್ನು ನೋಡಬೇಕು. ಇದನ್ನು ಕೋರಿಕೆ ಎಂದುಕೊಳ್ಳಬೇಡ.

ಕ್ವಾನ್‌ಯೀ

*

ಅಲ್ಲಿಗೆ ಪತ್ರಗಳು ಮುಗಿದವು. ಅದಾದ ಮೇಲೆ ಅವರು ಬರೆಯಬೇಕಾಗಲಿಲ್ಲ. ದೊಡ್ಡಮ್ಮ ಮೂವತ್ತನಾಲ್ಕು ವರ್ಷ ಒಂದು ಹಬ್ಬವನ್ನೂ ತಪ್ಪಿಸದೆ ನಮ್ಮ ಮನೆಗೆ ಬಂದಳು. ನನ್ನ ನೆನಪಿನ ಎಲ್ಲ ಹಬ್ಬಗಳಲ್ಲೂ ಅವಳು ಅಮ್ಮನ ಎದುರು ಕೂತಿದ್ದಾಳೆ. ಅಮ್ಮ ಅವಳ ತಟ್ಟೆಗೆ ಮೀನಿನ ಕೆನ್ನೆಯ ತುಂಡು ಹಾಕುತ್ತಾಳೆ. ಅಪ್ಪ ಇಬ್ಬರನ್ನೂ ನೋಡದೆ ಉಣ್ಣುತ್ತಾನೆ. ಕೆಲವು ವರ್ಷಕ್ಕೆ ನಿಯಮ ಹೋಯಿತು, ಅಮ್ಮ ಮತ್ತೆ ಖಾಯಂ ಆದಳು, ಆದರೆ ಹೊಸದಾಗಿ ಸೇರಿದವಳ ಹಾಗೆ. ಹಿಂದಿನ ವರ್ಷಗಳನ್ನು ಯಾರೂ ಕೂಡಿಸಿಕೊಡಲಿಲ್ಲ. ಅವಳ ಜೊತೆಗೆ ಸೇರಿದವರು ಹಿರಿಯ ಮೇಜಿಗೆ ಹೋದರು, ಅವಳು ನಿವೃತ್ತಿಯವರೆಗೂ ಬಾಗಿಲ ಪಕ್ಕದ ಮೇಜಿನಲ್ಲೇ ಗೆರೆ ಎಳೆದಳು.

ಅಕ್ಕ ಕೇಳಿದಳು. ಧ್ವನಿ ಗಟ್ಟಿಯಾಗಿತ್ತು.

"ಆ ಕಾಗದ ಯಾಕೆ ಕಳಿಸ್ಲಿಲ್ಲ?"

"ಕಳಿಸಿದ್ರೆ ಅವಳು ಉತ್ತರ ಬರೀಬೇಕಾಗಿತ್ತು. ಕ್ಷಮಿಸ್ದೆ ಅಂತ್ಲೋ, ಇಲ್ಲ ಅಂತ್ಲೋ. ಎರಡೂ ನನಗೆ ಬೇಡವಾಗಿತ್ತು."

"ಅಮ್ಮನಿಗೆ ಬೇಕಿತ್ತೇನೋ? ಅದನ್ನ ಯೋಚ್ನೆ ಮಾಡಿದ್ರಾ? ಮೂವತ್ತನಾಲ್ಕು ವರ್ಷ ನಿಮ್ಮೆದುರಿಗೆ ಕೂತು, ಇವತ್ತು ಹೇಳ್ತಾಳೇನೋ, ಇವತ್ತು ಹೇಳ್ತಾಳೇನೋ ಅಂತ ಕಾದಿರ್ಬೋದಲ್ವಾ?"

ದೊಡ್ಡಮ್ಮ ಮೇಜಿನ ಮೇಲಿನ ಪತ್ರಗಳ ಅಂಚು ಸರಿಮಾಡಿದಳು. ಅಕ್ಕ ಎದ್ದು ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಮೆಟ್ಟಿಲಿಳಿದು ಹೋದಳು. ನಾನು ತಣ್ಣಗಾದ ಚಹಾ ಕುಡಿದು, ಪತ್ರಗಳನ್ನು ಮತ್ತೆ ಎರಡು ಕಟ್ಟು ಮಾಡುವುದೋ ಒಂದು ಮಾಡುವುದೋ ತಿಳಿಯದೆ ಹಾಗೇ ಬಿಟ್ಟು ಬಂದೆ.

ಮರುದಿನ ಬೆಳಿಗ್ಗೆ ಆರೂವರೆಗೆ ಅಕ್ಕ ನನ್ನ ಬಾಗಿಲು ತಟ್ಟಿದಳು. ಕಚೇರಿಗೆ ಹೋಗುವ ಬಟ್ಟೆ, ಊದಿದ ಕಣ್ಣು. "ನಡಿ" ಎಂದಳು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ದೊಡ್ಡಮ್ಮ ಬಾಗಿಲು ತೆರೆದಾಗ ಅಕ್ಕ ನಮಸ್ಕಾರವನ್ನೂ ಹೇಳದೆ ಕೈ ಚಾಚಿದಳು.

"ಆ ಕಾಗದ."

ದೊಡ್ಡಮ್ಮ ತಂದುಕೊಟ್ಟಳು. "ಹರಿದು ಹಾಕ್ತೀಯಾ?"

"ಕಳಿಸ್ತೀನಿ."

ಅಮ್ಮನ ಬೂದಿ ಇಟ್ಟಿರುವ ಮಠದ ಹಿಂದೆ, ಸತ್ತವರಿಗೆ ಕಾಗದದ ಬಟ್ಟೆ, ಕಾಗದದ ಮನೆ ಸುಟ್ಟು ತಲುಪಿಸುವ ಒಲೆಯಿದೆ. ಅಷ್ಟು ಬೆಳಿಗ್ಗೆ ಅಲ್ಲಿ ನಾವಿಬ್ಬರೇ. ಒಂದು ನಕಲು ತೆಗೆಸಿ ಇಟ್ಟುಕೊಳ್ಳೋಣ ಎಂದೆ. ಅಕ್ಕ ತಲೆಯಾಡಿಸಿದಳು. "ಅವಳಿಗೆ ಬರೆದದ್ದು. ಅವಳಿಗೇ." ಲಕೋಟೆಯ ಮೇಲೆ ಅಮ್ಮನ ಪೂರ್ತಿ ಹೆಸರು ಬರೆದು ಬೆಂಕಿಗೆ ಹಿಡಿದಳು. ಒಂದು ಮೂಲೆ ಉರಿಯದೆ ಉಳಿಯಿತು. ಅದನ್ನು ಕಡ್ಡಿಯಿಂದ ತಳ್ಳಿ ತಳ್ಳಿ ಪೂರ್ತಿ ಬೂದಿಯಾಗುವ ತನಕ ಕಾದಳು.

ಆಮೇಲೆ ಫೋನು ತೆಗೆದಳು.

"ದೊಡ್ಡಮ್ಮಾ, ಕಳಿಸ್ದೆ."

ಅಕ್ಕ ಫೋನನ್ನು ಕಿವಿಗೆ ಒತ್ತಿಕೊಂಡಳು.

"ನಾನು ಕ್ಷಮಿಸ್ದೆ ಅಂತ ತಿಳ್ಕೋಬೇಡಿ. ಅದು ನನ್ನ ಕೈಲಿಲ್ಲ. ಉತ್ತರ ಬಂದ್ರೆ ನಿಮಗೇ ಬರತ್ತೆ. ಅಲ್ಲೀವರೆಗೂ ಗಟ್ಟಿಯಾಗಿರ್ಬೇಕು ನೀವು. ರಕ್ತದೊತ್ತಡದ ಮಾತ್ರೆ ತಗೊಂಡ್ರಾ? ಇಲ್ವಾ? ಏನ್ ಮಾಡ್ತಿದ್ರಿ ಇಷ್ಟ್ ಹೊತ್ತು? ಈಗ್ಲೇ ತಗೊಳ್ಳಿ, ನಾನು ಹಿಡ್ಕೊಂಡಿರ್ತೀನಿ."

ಹಿಡಿದುಕೊಂಡೇ ಇದ್ದಳು. ಆ ಕಡೆ ನೀರು ಸುರಿದ ಸದ್ದು ಕೇಳಿದ ಮೇಲೆ ಫೋನಿಟ್ಟು ಬಸ್ಸಿಗೆ ಓಡಿದಳು. ಎಂಟೂವರೆಗೆ ಅವಳ ಕೆಲಸ ಶುರುವಾಗುತ್ತಿತ್ತು.